ಕಡಿದಾದ ರಸ್ತೆಗಳು: ಕೊಡಗಿನ ಏರು-ಇಳಿಜಾರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಡಾಂಬರು ರಸ್ತೆಯಿಂದ ಮನೆಗೆ ಒಂದು ಕಾಂಕ್ರೀಟ್ ಏರು. ಬಂದ ನೆಂಟರು ಅದರ ಬುಡದಲ್ಲಿ ಕಾರು ನಿಲ್ಲಿಸಿ ಫೋನ್ ಮಾಡುತ್ತಾರೆ: "ಇದರಲ್ಲಿ ನಮ್ಮ ಕಾರು ಹತ್ತುತ್ತಾ?" ಅಲ್ಲಿಂದ ಶುರುವಾದ ಮಾತು ಸಂಪಾಜೆ ಘಾಟಿ, ಮಾಂದಲ್‌ಪಟ್ಟಿ ಗುಡ್ಡ ದಾಟಿ ನ್ಯೂಜಿಲೆಂಡ್ ತನಕ ಹೋಗುತ್ತದೆ. ಇಷ್ಟು ವರ್ಷದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಪ್ರಪಂಚದಲ್ಲೇ ಅತಿ ಕಡಿದಾದ ರಸ್ತೆ ಯಾವುದು?

ನ್ಯೂಜಿಲೆಂಡಿನ ಡನೆಡಿನ್ ಊರಿನ ಬಾಲ್ಡ್‌ವಿನ್ ಸ್ಟ್ರೀಟ್. ಗಿನ್ನೆಸ್ ದಾಖಲೆಯಲ್ಲಿ ಇರುವುದು ಅದೇ. ಉದ್ದ ಸುಮಾರು 350 ಮೀಟರ್, ಅಷ್ಟೆ. ಅತಿ ಕಡಿದಾದ ಭಾಗದಲ್ಲಿ ಏರು ಶೇ. 34.8.

ಅದೇನೂ ಕಾಡಿನ ದಾರಿಯಲ್ಲ. ಎರಡೂ ಬದಿ ಮನೆಗಳಿವೆ, ಜನ ಅಲ್ಲೇ ವಾಸ ಮಾಡುತ್ತಾರೆ. ಊರಿನ ನಕ್ಷೆ ಮಾಡಿದವರು ಗುಡ್ಡ ಎಲ್ಲಿದೆ, ಕಣಿವೆ ಎಲ್ಲಿದೆ ಎಂದು ನೋಡದೆ ಚೌಕಳಿ ಹಾಕಿದಂತೆ ನೇರ ಗೆರೆ ಎಳೆದರು. ಒಂದು ಗೆರೆ ಗುಡ್ಡದ ಮೇಲೇ ಹೋಯಿತು. ಅದೇ ರಸ್ತೆಯಾಯಿತು. ನಮ್ಮ ಕಡೆ ಯಾರೂ ಹಾಗೆ ದಾರಿ ಮಾಡುವುದಿಲ್ಲ. ಹಳೆಯ ಓಣಿಗಳನ್ನು ನೋಡಿ. ಎಷ್ಟೇ ಕಡಿದಾಗಿದ್ದರೂ ಗುಡ್ಡದ ಮಗ್ಗುಲು ಹಿಡಿದು ಸ್ವಲ್ಪವಾದರೂ ಸುತ್ತಿಯೇ ಹತ್ತುತ್ತವೆ.

ಶೇ. 35 ಅಂದರೆ 35 ಡಿಗ್ರಿ ಅಲ್ವಾ?

ಅಲ್ಲ. ಹೆಚ್ಚಿನವರು ತಪ್ಪುವುದೇ ಇಲ್ಲಿ. ಅಡ್ಡಕ್ಕೆ 100 ಮೀಟರ್ ಹೋಗುವಷ್ಟರಲ್ಲಿ 35 ಮೀಟರ್ ಮೇಲೆ ಹತ್ತಿದರೆ ಅದು ಶೇ. 35. ಕೋನದ ಲೆಕ್ಕದಲ್ಲಿ ಅದು ಬರೀ 19 ಡಿಗ್ರಿ ಚಿಲ್ಲರೆ. ಶೇ. 100 ಎಂದರೆ ನೆಟ್ಟಗೆ ಗೋಡೆಯಲ್ಲ, 45 ಡಿಗ್ರಿ. "10ಕ್ಕೆ 1" ಎಂದು ಹೇಳಿದರೆ ಶೇ. 10, ಅಂದರೆ 6 ಡಿಗ್ರಿಯೂ ಇಲ್ಲ.

ಕೇಳುವಾಗ ಕಡಿಮೆ ಅನಿಸುತ್ತದೆ. ಕಾರಿನೊಳಗೆ ಕೂತರೆ ಹಾಗಲ್ಲ. ಶೇ. 10ರ ಏರಿನಲ್ಲಿ ಒಂದು ಟನ್ ತೂಕದ ಕಾರನ್ನು ಸುಮಾರು 100 ಕಿಲೋ ಭಾರ ಹಿಂದಕ್ಕೆ ಎಳೆಯುತ್ತಿರುತ್ತದೆ. ಶೇ. 35ರಲ್ಲಿ ಆ ಎಳೆತ 330 ಕಿಲೋಗೆ ಬರುತ್ತದೆ. ಎರಡು ಮೂಟೆ ಎಳೆಯುತ್ತಿದ್ದ ಕಡೆ ಆರೂವರೆ ಮೂಟೆ ಎಂದುಕೊಳ್ಳಿ, ಕಾಫಿ ಮೂಟೆಯ ಲೆಕ್ಕದಲ್ಲಿ.

ವೇಲ್ಸ್ ದೇಶದ ಒಂದು ರಸ್ತೆಗೆ ಈ ದಾಖಲೆ ಸಿಕ್ಕಿತ್ತಂತೆ. ಮತ್ತೆ ಯಾಕೆ ಹೋಯಿತು?

ಈ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮ ಘಾಟಿಯಲ್ಲಿ ಗಾಡಿ ಓಡಿಸುವವರಿಗೆ ಅದು ಬೇಗ ಅರ್ಥವಾಗುತ್ತದೆ.

ವೇಲ್ಸಿನ ಹಾರ್ಲೆಖ್ ಎಂಬ ಸಣ್ಣ ಊರಿನಲ್ಲಿ ಫೋರ್ದ್ ಪೆನ್ ಲೆಖ್ ಎಂಬ ರಸ್ತೆ ಇದೆ. 2019ರ ಜುಲೈಯಲ್ಲಿ ಅದನ್ನು ಪ್ರಪಂಚದ ಅತಿ ಕಡಿದಾದ ರಸ್ತೆ ಎಂದು ಘೋಷಿಸಿದರು. ಏರು ಶೇ. 37.45. ಊರಿನವರಿಗೆ ಬಹಳ ಖುಷಿಯಾಯಿತು. ಡನೆಡಿನ್ ಕಡೆಯವರು ಸುಮ್ಮನೆ ಕೂರಲಿಲ್ಲ. ಸರ್ವೇ ಮಾಡಿಸಿ ಒಂದು ಪ್ರಶ್ನೆ ಎತ್ತಿದರು: ಅಳೆದದ್ದು ರಸ್ತೆಯ ಯಾವ ಗೆರೆಯಲ್ಲಿ?

ಬಾಲ್ಡ್‌ವಿನ್ ಸ್ಟ್ರೀಟ್ ನೇರವಾಗಿದೆ. ಎಡಕ್ಕೆ, ಬಲಕ್ಕೆ, ನಡುವೆ, ಎಲ್ಲಿ ಅಳೆದರೂ ಲೆಕ್ಕ ಹೆಚ್ಚುಕಡಿಮೆ ಒಂದೇ. ವೇಲ್ಸಿನ ರಸ್ತೆ ತಿರುವು ತಿರುವಾಗಿದೆ. ತಿರುವಿನ ಒಳ ಅಂಚಿನಲ್ಲಿ ಅಳೆದರೆ ಏರು ಜಾಸ್ತಿ ಬರುತ್ತದೆ. ಹೊರ ಅಂಚಿನಲ್ಲಿ ಕಡಿಮೆ. ಹಾಗಾಗಿ ಎಲ್ಲ ರಸ್ತೆಗಳನ್ನೂ ನಡುಗೆರೆಯಲ್ಲೇ ಅಳೆಯಬೇಕೆಂದು ತೀರ್ಮಾನವಾಯಿತು. ಆ ಲೆಕ್ಕದಲ್ಲಿ ವೇಲ್ಸಿನ ರಸ್ತೆ ಶೇ. 28.6ಕ್ಕೆ ಇಳಿಯಿತು. 2020ರ ಏಪ್ರಿಲ್‌ನಲ್ಲಿ ದಾಖಲೆ ಮತ್ತೆ ಡನೆಡಿನ್‌ಗೆ ಹೋಯಿತು.

ದಾಖಲೆಗೆ ನಡುಗೆರೆ ಸರಿ. ನಮ್ಮ ಗಾಡಿ ಮಾತ್ರ ಯಾವಾಗಲೂ ನಡುಗೆರೆಯಲ್ಲಿ ಹೋಗುವುದಿಲ್ಲ.

ತಿರುವಿನ ಒಳಬದಿ ಅಷ್ಟೊಂದು ಕಡಿದಾಗಿರುತ್ತದಾ?

ಹೌದು. ಒಂದು ಲೆಕ್ಕ ನೋಡಿ. ಪೂರ್ತಿ ಹಿಂದಕ್ಕೆ ತಿರುಗುವ ಒಂದು ಹೇರ್‌ಪಿನ್ ತಿರುವು ಇದೆ. ಒಳ ಅಂಚಿನ ತ್ರಿಜ್ಯ 6 ಮೀಟರ್, ಹೊರ ಅಂಚಿನದು 12 ಮೀಟರ್ ಇರಲಿ. ತಿರುವು ಮುಗಿಯುವಷ್ಟರಲ್ಲಿ ರಸ್ತೆ 3 ಮೀಟರ್ ಮೇಲೆ ಹೋಗುತ್ತದೆ. ಹೊರಗಿನಿಂದ ಬಂದವನು ಸುಮಾರು 38 ಮೀಟರ್ ಓಡಿ ಆ 3 ಮೀಟರ್ ಹತ್ತುತ್ತಾನೆ. ಅವನಿಗೆ ಶೇ. 8ರ ಏರು. ಒಳ ಅಂಚು ಹಿಡಿದವನಿಗೆ ಸಿಗುವುದು 19 ಮೀಟರ್ ಮಾತ್ರ. ಎತ್ತರ ಅದೇ. ಅವನಿಗೆ ಶೇ. 16. ಒಂದೇ ರಸ್ತೆ, ಒಂದೇ ತಿರುವು, ಎರಡು ಪಟ್ಟು ಏರು.

ಮೇಲೆ ಹತ್ತುವಾಗ ಬಲ ತಿರುವಾದರೆ ಎಡಬದಿಯ ನಾವು ಹೊರಗಡೆ ಇರುತ್ತೇವೆ, ಆರಾಮ. ಎಡ ತಿರುವಾದರೆ ಒಳಗೆ ಸಿಕ್ಕಿಕೊಳ್ಳುತ್ತೇವೆ. ಲೋಡ್ ಪಿಕಪ್ ಕೊಸರಾಡುವುದು, ಹೊಸಬರ ಕಾರು ಆಫ್ ಆಗುವುದು ಹೆಚ್ಚಾಗಿ ಅಲ್ಲೇ. ಹಳೇ ಡ್ರೈವರುಗಳು ಎಡ ತಿರುವು ಬರುವ ಮೊದಲೇ ಗೇರ್ ಇಳಿಸಿಬಿಡುತ್ತಾರೆ. ಏರು ಶುರುವಾದ ಮೇಲೆ ಗೇರ್ ಹುಡುಕುವುದಿಲ್ಲ.

ಬೇರೆ ದೇಶಗಳಲ್ಲಿ ಇಂಥ ರಸ್ತೆ ಇನ್ನೂ ಇವೆಯಾ?

ಬೇಕಾದಷ್ಟಿವೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕ್ಯಾಂಟನ್ ಅವೆನ್ಯೂ ಇದೆ. ಶೇ. 37 ಎನ್ನುತ್ತಾರೆ. ಆದರೆ ಅಷ್ಟು ಏರು ಇರುವುದು ಆರು ಮೀಟರ್ ಚಿಲ್ಲರೆ ಜಾಗದಲ್ಲಿ ಮಾತ್ರ. ಇಂಗ್ಲೆಂಡಿನ ಹಾರ್ಡ್‌ನಾಟ್ ಪಾಸ್‌ನಲ್ಲಿ 3ಕ್ಕೆ 1ರ ಏರು ಇದೆ. ಜಪಾನಿನ ಕುರಗಾರಿ ಕಣಿವೆ ದಾರಿ ಹೆಸರಿಗೆ ರಾಷ್ಟ್ರೀಯ ಹೆದ್ದಾರಿ, ಸಂಖ್ಯೆ 308. ನೋಡಿದರೆ ನಮ್ಮ ತೋಟದ ದಾರಿಯಷ್ಟೇ ಅಗಲ. ಏರು ಶೇ. 30ಕ್ಕೂ ಜಾಸ್ತಿ.

ಹವಾಯಿ ದ್ವೀಪದ ವೈಪಿಯೊ ಕಣಿವೆಗೆ ಇಳಿಯುವ ರಸ್ತೆಯ ಸರಾಸರಿ ಏರೇ ಶೇ. 25. ಅಲ್ಲಿ ಫೋರ್ ವೀಲ್ ಗಾಡಿಗಳಿಗೆ ಮಾತ್ರ ದಾರಿ. ಗುಡ್ಡ ಕುಸಿಯುವ ಭಯದಿಂದ 2022ರಲ್ಲಿ ಹೊರಗಿನ ಪ್ರವಾಸಿಗರಿಗೆ ಆ ರಸ್ತೆ ಮುಚ್ಚಿದರು. ಬರೆ, ಅಂದರೆ ರಸ್ತೆ ಬದಿಯ ಮಣ್ಣಿನ ದಿಬ್ಬ, ಜರಿಯುವುದನ್ನು ಕಣ್ಣಾರೆ ಕಂಡ ನಮಗೆ ಅದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಮ್ಲಿಂಗ್ ಲಾ ಬಗ್ಗೆಯೂ ಕೇಳುತ್ತಾರೆ. ಲಡಾಖಿನ ಆ ರಸ್ತೆ 5,798 ಮೀಟರ್ ಎತ್ತರದಲ್ಲಿದೆ. ಎತ್ತರ ಬೇರೆ, ಕಡಿದು ಬೇರೆ. ತಮಿಳುನಾಡಿನ ಕೊಲ್ಲಿ ಬೆಟ್ಟಕ್ಕೆ 70 ಹೇರ್‌ಪಿನ್ ತಿರುವು. ಅಷ್ಟು ತಿರುವು ಹಾಕಿದ್ದೇ ಏರು ಕಡಿಮೆಯಾಗಲಿ ಎಂದು.

ಕೊಡಗಿನಲ್ಲಿ ಅತಿ ಕಡಿದಾದ ರಸ್ತೆ ಸಂಪಾಜೆ ಘಾಟಿಯೇ?

ಅಲ್ಲ. ಕೇಳಿದವರಿಗೆ ಆಶ್ಚರ್ಯವಾಗುತ್ತದೆ, ಆದರೆ ಅಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಂಪಾಜೆಗೆ ಇಳಿಯುವಷ್ಟರಲ್ಲಿ ಸಾವಿರ ಮೀಟರ್ ಹತ್ತಿರ ಕೆಳಗೆ ಬರುತ್ತೇವೆ. ಆ ಇಳಿಜಾರು ಮೂವತ್ತು ಕಿಲೋಮೀಟರ್ ಹತ್ತಿರದ ದಾರಿಯಲ್ಲಿ ಹಂಚಿಹೋಗಿದೆ. ಸರಾಸರಿ ತೆಗೆದರೆ ಶೇ. 3ರಿಂದ 4, ಅಷ್ಟೆ. ಅಲ್ಲಿ ಸುಸ್ತು ಮಾಡುವುದು ಕಡಿದಲ್ಲ, ಉದ್ದ. ಮುಗಿಯದ ತಿರುವು, ಮಂಜು, ಎದುರು ಬರುವ ಲಾರಿ. ವಿರಾಜಪೇಟೆ ಕಡೆಯಿಂದ ಕೇರಳಕ್ಕೆ ಇಳಿಯುವ ಮಾಕುಟ್ಟ ಘಾಟಿಯೂ ಹಾಗೇ. ಕಾಡು ದಟ್ಟ, ರಸ್ತೆ ಕಿರಿದು. ಅಲ್ಲೂ ಕಷ್ಟ ಕೊಡುವುದು ತಿರುವು ಮತ್ತು ಮಳೆ.

ನಿಜವಾಗಿ ಕಡಿದಾದ ಏರು ಬೇಕಾದರೆ ಹೆದ್ದಾರಿ ಬಿಡಿ. ಐನ್‌ಮನೆಗೆ (ಕೊಡವ ಕುಟುಂಬದ ಮೂಲಮನೆ) ಹೋಗುವ ದಾರಿ, ತೋಟದ ಕೆಲಸದವರ ಲೈನ್ ಮನೆಗಳಿಗೆ ಇಳಿಯುವ ದಾರಿ, ಪಂಚಾಯಿತಿಯವರು ಹಾಕಿದ ಎಂಟು ಅಡಿ ಕಾಂಕ್ರೀಟ್ ರಸ್ತೆ, ಇವುಗಳನ್ನು ನೋಡಿ. ಕಕ್ಕಬ್ಬೆಯ ನಾಲ್ಕುನಾಡು ಅರಮನೆ ದಾಟಿ ತಡಿಯಂಡಮೋಳ್ ಕಡೆ ಹತ್ತುವ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ಮೀನಖಂಡ ಹಿಡಿದುಕೊಳ್ಳುತ್ತದೆ. ಮಡಿಕೇರಿ ಪೇಟೆಯ ಒಳಗೇ ಎಂಥೆಂಥ ಅಡ್ಡರಸ್ತೆಗಳಿವೆ! ದಸರಾ ರಾತ್ರಿ ದಶಮಂಟಪಗಳನ್ನು ಟ್ರ್ಯಾಕ್ಟರಿನಲ್ಲಿ ಎಳೆದುಕೊಂಡು ಪೇಟೆಯ ಏರು ಇಳಿಜಾರಿನಲ್ಲಿ ಬರುತ್ತಾರಲ್ಲ, ಜನ ಮೂರ್ತಿಗಳನ್ನು ನೋಡುತ್ತಿರುತ್ತಾರೆ. ನಾನು ಟ್ರ್ಯಾಕ್ಟರ್ ಓಡಿಸುವವರ ಕಾಲು ನೋಡುತ್ತಿರುತ್ತೇನೆ. ಅಷ್ಟು ಜನರ ನಡುವೆ, ಅಷ್ಟು ಭಾರ ಹಿಂದೆ ಕಟ್ಟಿಕೊಂಡು, ಇಳಿಜಾರಿನಲ್ಲಿ ನಿಂತು ನಿಂತು ಹೋಗುವುದು ಸಣ್ಣ ಕೆಲಸವಲ್ಲ.

ರಸ್ತೆ ಎಷ್ಟು ಏರು ಇರಬಹುದು ಎಂದು ನಿಯಮ ಇದೆಯಾ?

ಇದೆ. ಭಾರತೀಯ ರಸ್ತೆ ಕಾಂಗ್ರೆಸ್ ಮಾಡಿದ ಮಾನದಂಡ. ನಮ್ಮಂಥ ಕಡಿದಾದ ಗುಡ್ಡ ಪ್ರದೇಶದಲ್ಲಿ ಸಾಮಾನ್ಯವಾಗಿ ಶೇ. 6 ದಾಟಬಾರದು. ಜಾಗ ಬಿಡದಿದ್ದರೆ ಶೇ. 7. ಬೇರೆ ದಾರಿಯೇ ಇಲ್ಲದ ಕಡೆ, ಸ್ವಲ್ಪ ದೂರಕ್ಕೆ ಮಾತ್ರ, ಶೇ. 8. ಹೇರ್‌ಪಿನ್ ತಿರುವಿನೊಳಗಂತೂ 40ಕ್ಕೆ 1, ಅಂದರೆ ಶೇ. 2.5 ಮಾತ್ರ. ಒಳಬದಿ ಕಡಿದಾಗುತ್ತದೆ ಎಂದು ಮೇಲೆ ಹೇಳಿದೆನಲ್ಲ, ತಿರುವನ್ನು ಹೀಗೆ ಹೆಚ್ಚುಕಡಿಮೆ ಮಟ್ಟಸ ಇಟ್ಟರೆ ಆ ತೊಂದರೆ ಬಹಳ ಕಡಿಮೆಯಾಗುತ್ತದೆ. ಹಳೆಯ ತಿರುವುಗಳಲ್ಲಿ ಮತ್ತು ಊರೊಳಗಿನ ರಸ್ತೆಗಳಲ್ಲಿ ಇದನ್ನು ಹುಡುಕಬೇಡಿ.

ರೈಲು ಇಂಥ ಏರು ಹತ್ತುತ್ತದಾ?

ಇಲ್ಲ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಜಾರುತ್ತದೆ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ರೈಲು ಹಾದಿಯಲ್ಲಿ ಏರು 50ಕ್ಕೆ 1, ಶೇ. 2. ಅಷ್ಟಕ್ಕೇ ರೈಲಿಗೆ ಜಾಸ್ತಿ ಎಂಜಿನ್ ಕಟ್ಟುತ್ತಾರೆ. ಊಟಿ ರೈಲು ಶೇ. 8.33 ಹತ್ತುವುದು ಹಲ್ಲಿನ ಹಳಿ ಇರುವುದರಿಂದ. ಕೊಡಗಿಗೆ ರೈಲೇ ಬಂದಿಲ್ಲ.

ಮನೆ ರಸ್ತೆಗಳು ಯಾಕೆ ಇಷ್ಟು ಕಡಿದು? ಸುತ್ತಿಸಿ ಮಾಡಬಹುದಿತ್ತಲ್ಲ?

ಲೆಕ್ಕ ಹಾಕಿ. 100 ಮೀಟರ್ ಎತ್ತರದಲ್ಲಿರುವ ಮನೆಗೆ ಶೇ. 5ರ ಏರಿನಲ್ಲಿ ರಸ್ತೆ ಬೇಕೆಂದರೆ ಎರಡು ಕಿಲೋಮೀಟರ್ ದಾರಿ ಬೇಕು. ಶೇ. 25 ಆದರೆ 400 ಮೀಟರ್ ಸಾಕು. ಎರಡು ಕಿಲೋಮೀಟರ್ ರಸ್ತೆಗೆ ಎಷ್ಟು ಕಾಫಿ ಗಿಡ ಹೋಗುತ್ತದೆ, ಎಷ್ಟು ನೆರಳಿನ ಮರ ಹೋಗುತ್ತದೆ, ಪಕ್ಕದವರ ಎಷ್ಟು ಜಾಗ ಕೇಳಬೇಕಾಗುತ್ತದೆ! ಸಣ್ಣ ಬೆಳೆಗಾರರಿಗೆ ಅದು ಆಗುವ ಮಾತಲ್ಲ.

ಇನ್ನೊಂದು ಕಾರಣ ಇದೆ. ಈ ದಾರಿಗಳು ಗಾಡಿಗೆಂದು ಹುಟ್ಟಿದವಲ್ಲ. ಮೊದಲು ಕಾಲುದಾರಿ ಇತ್ತು. ತಲೆಹೊರೆಯಲ್ಲಿ ಭತ್ತ, ಕಾಫಿ ಹೊರುತ್ತಿದ್ದರು. ನಡೆಯುವವರಿಗೆ ಹತ್ತಿರದ ದಾರಿಯೇ ದಾರಿ. ಆಮೇಲೆ ಜೀಪು ಬಂತು, ಅದೇ ದಾರಿ ಅಗಲವಾಯಿತು. ಆಮೇಲೆ ಕಾಂಕ್ರೀಟ್ ಬಿತ್ತು. ಅಗಲ ಬದಲಾಯಿತು, ಮೇಲ್ಮೈ ಬದಲಾಯಿತು. ಏರು ಅಜ್ಜಂದಿರ ಕಾಲದ್ದೇ ಉಳಿಯಿತು.

ಕಡಿದಾದ ಕಡೆ ಡಾಂಬರು ಬಿಟ್ಟು ಕಾಂಕ್ರೀಟ್ ಯಾಕೆ ಹಾಕುತ್ತಾರೆ?

ಡಾಂಬರು ಹಾಕಿದ ಮೇಲೆ ರೋಲರ್ ಓಡಬೇಕು. ತುಂಬ ಕಡಿದಾದ ಕಡೆ ರೋಲರ್ ಜಾರುತ್ತದೆ, ಹದವಾಗಿ ಕೂರುವುದಿಲ್ಲ. ಬಿಸಿಲಿಗೆ ಮೆತ್ತಗಾದ ಡಾಂಬರು ಗಾಡಿಯ ಭಾರಕ್ಕೆ ಕೆಳಗೆ ಸರಿಯುತ್ತದೆ. ಮಳೆಗಾಲದಲ್ಲಿ ನೀರು ರಭಸದಿಂದ ಇಳಿದು ಅಂಚು ಕೀಳುತ್ತದೆ. ಬಾಲ್ಡ್‌ವಿನ್ ಸ್ಟ್ರೀಟಿನ ಮೇಲ್ಭಾಗವೂ ಕಾಂಕ್ರೀಟೇ, ಇದೇ ಕಾರಣಕ್ಕೆ.

ಕಾಂಕ್ರೀಟ್ ಹಾಕುವಾಗ ಒಂದು ಕೆಲಸ ಮರೆಯಬೇಡಿ. ಹಸಿಯಾಗಿರುವಾಗಲೇ ಅಡ್ಡಡ್ಡ ಗೀರು ಎಳೆಸಬೇಕು. ಕಡ್ಡಿ ಪೊರಕೆಯಲ್ಲಿ ಮೇಲೆ ಮೇಲೆ ಎಳೆದ ಗೀರು ಎರಡು ವರ್ಷಕ್ಕೆ ಸವೆಯುತ್ತದೆ. ಕಬ್ಬಿಣದ ರಾಡ್ ಒತ್ತಿ ಬೆರಳಗಲಕ್ಕೆ ಆಳವಾಗಿ ಎಳೆಸಿ. ಜಪಾನಿನಲ್ಲಿ ಇದಕ್ಕೆ ಬಳೆಯಂಥ ಉಂಗುರ ಒತ್ತುತ್ತಾರೆ. ರಸ್ತೆ ತುಂಬ ಸಾಲು ಸಾಲು ಉಂಗುರದ ಗುರುತು. ನೀರು ಆ ಗುಂಡಿಗೆ ಇಳಿಯುತ್ತದೆ, ಟೈರಿಗೆ ಹಿಡಿತ ಸಿಗುತ್ತದೆ. ನಮ್ಮಲ್ಲೂ ಇದನ್ನು ಮಾಡಬಹುದು. ಪೈಪಿನ ತುಂಡು ಇದ್ದರೆ ಸಾಕು.

ನಮ್ಮ ಮನೆಯ ಏರನ್ನು ನಾವೇ ಅಳೆಯಬಹುದಾ?

ಸುಲಭವಾಗಿ ಅಳೆಯಬಹುದು. ಫೋನಿನ ಆ್ಯಪ್ ತೋರಿಸುವುದು ಹೆಚ್ಚಾಗಿ ಡಿಗ್ರಿ. ಫೋನ್ ಇಟ್ಟ ಜಾಗದಲ್ಲಿ ಒಂದು ಕಲ್ಲು ಎದ್ದಿದ್ದರೂ ಲೆಕ್ಕ ಹಾಳು. ಗಾರೆಯವರ ಲೆವೆಲ್ ಪೈಪೇ ಸರಿ. ಕಣ್ಣಿಗೆ ಕಾಣುವ ಪ್ಲಾಸ್ಟಿಕ್ ಪೈಪು, ಒಳಗೆ ನೀರು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಏರನ್ನು ಹೀಗೇ ಅಳೆದೆವು. ಮೇಲ್ತುದಿಯಲ್ಲಿ ಗಾರೆ ಕೆಲಸದ ಅಣ್ಣ ಪೈಪನ್ನು ನೆಲಕ್ಕೆ ತಾಗಿಸಿ ಹಿಡಿದರು. ನಾನು ಕೆಳಗೆ ಬಿದಿರಿನ ಗಳ ನೆಟ್ಟು ನಿಂತೆ. ಮೊದಲು ಪೈಪಿನೊಳಗೆ ಒಂದು ಗುಳ್ಳೆ ಸಿಕ್ಕಿಕೊಂಡಿತ್ತು. "ತಡೀರಿ, ಗಾಳಿ ಇದೆ, ಬೆರಳಲ್ಲಿ ತಟ್ಟಿ" ಎಂದರು. ತಟ್ಟುತ್ತಾ ತಟ್ಟುತ್ತಾ ಗುಳ್ಳೆ ಮೇಲೆ ಬಂದು ಒಡೆಯಿತು. ನೀರು ನನ್ನ ತಲೆಗಿಂತ ಎರಡು ಗೇಣು ಮೇಲೆ ನಿಂತಿತು. ಏಣಿ ತಂದು ಗಳದ ಮೇಲೆ ಸುಣ್ಣದಲ್ಲಿ ಗುರುತು ಹಾಕಿದೆ. ನೆಲದಿಂದ ಗುರುತಿಗೆ 2 ಮೀಟರ್ 10 ಸೆಂಟಿಮೀಟರ್. ಅಡ್ಡಕ್ಕೆ ದೂರ 10 ಮೀಟರ್. ಅಂದರೆ ಶೇ. 21. ದಿನಾ ಓಡಾಡುವ ದಾರಿಯ ಎತ್ತರ ನನ್ನ ತಲೆ ದಾಟಿ ನಿಂತದ್ದನ್ನು ನೋಡಿದಾಗ ಮೈ ಜುಂ ಎಂದಿತು. ಅದೇ ದಾರಿಯ ತಿರುವಿನ ಒಳ ಅಂಚಿನಲ್ಲಿ ಅಳೆದಾಗ ಶೇ. 27 ಬಂತು.

ಅಳೆಯುವಾಗ ದೂರವನ್ನು ನೆಲದ ಮೇಲೆ ಟೇಪ್ ಹಾಸಿ ತೆಗೆಯಬೇಡಿ. ಮಟ್ಟಸವಾಗಿ ಹಿಡಿದು ತೆಗೆಯಿರಿ.

ಬೇಸಿಗೆಯಲ್ಲಿ ಸಲೀಸಾಗಿ ಹತ್ತುವ ಕಾರು ಮಳೆಗಾಲದಲ್ಲಿ ಯಾಕೆ ಹತ್ತುವುದಿಲ್ಲ?

ಪಾಚಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್ ಕಳೆದರೆ ನೆರಳಿರುವ ಕಾಂಕ್ರೀಟ್ ಮೇಲೆಲ್ಲ ಹಸಿರು ಕೂರುತ್ತದೆ. ಶೇ. 21ರ ಏರಿನಲ್ಲಿ ಗಾಡಿ ಜಾರದೆ ನಿಲ್ಲಬೇಕಾದರೆ ಟೈರಿಗೂ ನೆಲಕ್ಕೂ ಕನಿಷ್ಠ ಅಷ್ಟು ಹಿಡಿತ ಇರಲೇಬೇಕು. ಒಣ ಕಾಂಕ್ರೀಟಿನಲ್ಲಿ ಅದರ ಮೂರು ಪಟ್ಟು ಸಿಗುತ್ತದೆ. ಒದ್ದೆ ಪಾಚಿಯ ಮೇಲೆ ಸಿಗುವುದಿಲ್ಲ.

ಚಕ್ರ ಹೋಗುವ ಎರಡು ಗೆರೆಗಳನ್ನಾದರೂ ಕೆರೆಸಿ. ಬ್ಲೀಚಿಂಗ್ ಪುಡಿ ಹಾಕಿ ಅರ್ಧ ಗಂಟೆ ಬಿಟ್ಟು ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ತೊಳೆದ ನೀರು ಬಾವಿ, ತೋಡು ಸೇರದ ಹಾಗೆ ನೋಡಿಕೊಳ್ಳಿ. ಮೇಲಿನ ಕೊಂಬೆ ಸವರಿ ಬಿಸಿಲು ಬೀಳುವ ಹಾಗೆ ಮಾಡಿದರೆ ಪಾಚಿ ಮತ್ತೆ ಬರುವುದು ತಡವಾಗುತ್ತದೆ.

ಏರಿನಲ್ಲಿ ಮುಂದಿನ ಚಕ್ರ ಸುಮ್ನೆ ಸುತ್ತುತ್ತದೆ, ಕಾರು ಹೋಗುವುದಿಲ್ಲ. ಏನು ಮಾಡಲಿ?

ಈಗಿನ ಸಣ್ಣ ಕಾರುಗಳಲ್ಲಿ ಎಂಜಿನ್ ಓಡಿಸುವುದು ಮುಂದಿನ ಚಕ್ರಗಳನ್ನು. ಏರಿನಲ್ಲಿ ಗಾಡಿಯ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಅಕ್ಕಿ ಚೀಲ ಇದ್ದರೆ ಇನ್ನೂ ಜಾಸ್ತಿ. ಮುಂದಿನ ಚಕ್ರ ಹಗುರವಾಗಿ ಜಾರುತ್ತದೆ. ಹಿಂದೆ ಕೂತವರನ್ನು ಇಳಿಸಿ, ಆಕ್ಸಿಲರೇಟರ್ ಮೆತ್ತಗೆ ಒತ್ತಿ. ಜೋರಾಗಿ ಒತ್ತಿದಷ್ಟೂ ಟೈರು ನೆಲ ಉಜ್ಜಿ ಇನ್ನಷ್ಟು ಜಾರುತ್ತದೆ. ತೀರಾ ಆಗದಿದ್ದರೆ, ಹಿಂದೆ ಕಾಣುವ ನೇರ ದಾರಿಯಾದರೆ, ರಿವರ್ಸ್‌ನಲ್ಲಿ ಹತ್ತಿಸಬಹುದು. ಆಗ ಓಡುವ ಚಕ್ರ ಕೆಳಗಡೆ ಬರುತ್ತದೆ, ಭಾರವೂ ಅದರ ಮೇಲೇ. ಹೊರಗೆ ಒಬ್ಬರು ನಿಂತು ದಾರಿ ಹೇಳಬೇಕು.

ನಮ್ಮೂರಿನ ಹಳೇ ಜೀಪುಗಳು ಯಾಕೆ ಹತ್ತುತ್ತವೆ ಎಂದರೆ ನಾಲ್ಕೂ ಚಕ್ರ ಎಳೆಯುತ್ತವೆ, ಜೊತೆಗೆ ಲೋ ಗೇರ್ ಇದೆ.

ಘಾಟಿ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬರುತ್ತದೆ. ಅಪಾಯವಾ?

ಅಪಾಯ. ವಾಸನೆ ಬಂದಾಗಲೇ ಜಾಗ ನೋಡಿ ನಿಲ್ಲಿಸಿ.

ಒಂದು ಸಲ ಸುಳ್ಯದಲ್ಲಿ ಮದುವೆ. ಬಾಡಿಗೆ ವ್ಯಾನಿನಲ್ಲಿ ಹದಿಮೂರು ಜನ ಹೊರಟೆವು. ಬಯಲುಸೀಮೆಯಲ್ಲಿ ಓಡಿಸಿ ಅಭ್ಯಾಸ ಇದ್ದ ಹುಡುಗ. ಮಡಿಕೇರಿ ಬಿಟ್ಟ ಮೇಲೆ ನಾಲ್ಕನೇ ಗೇರಿನಲ್ಲೇ, ಪ್ರತಿ ತಿರುವಿಗೂ ಬ್ರೇಕ್. ಅರ್ಧ ಘಾಟಿಯಲ್ಲಿ ಸುಟ್ಟ ವಾಸನೆ ಬಂತು. ಮಾವ ಹಿಂದಿನಿಂದ, "ಮಗಾ, ಎರಡನೇ ಗೇರಿಗೆ ಹಾಕು" ಎಂದರು. ಅವನು ಬ್ರೇಕ್ ಒತ್ತಿದ. ಪೆಡಲ್ ನೆಲದ ತನಕ ಇಳಿಯಿತು, ಗಾಡಿ ನಿಲ್ಲಲಿಲ್ಲ. ಪುಣ್ಯಕ್ಕೆ ಗೇರ್ ಬಿತ್ತು, ಹ್ಯಾಂಡ್‌ಬ್ರೇಕ್ ಹಿಡಿಯಿತು, ಬರೆ ಬದಿಯ ಚರಂಡಿಗೆ ಎಡ ಚಕ್ರ ಇಳಿದು ನಿಂತಿತು. ಇಳಿದು ನೋಡಿದರೆ ಚಕ್ರದಿಂದ ಹೊಗೆ. ಅತ್ತೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತವರು ಬಹಳ ಹೊತ್ತು ಏಳಲಿಲ್ಲ. ಆ ಹುಡುಗನ ಕೈ ನಡುಗುತ್ತಿದ್ದದ್ದು ನನಗೆ ಇನ್ನೂ ನೆನಪಿದೆ. ಅವನಿಗೆ ಯಾರೂ ಕಲಿಸಿರಲಿಲ್ಲ.

ಆದದ್ದು ಇಷ್ಟು. ಒಂದೂವರೆ ಟನ್ ಗಾಡಿ ಸಾವಿರ ಮೀಟರ್ ಇಳಿದರೆ ಬರುವ ಶಕ್ತಿ ಸುಮಾರು 45 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಸ್ನಾನದ ಹಂಡೆ ನೆನಪಿಸಿಕೊಳ್ಳಿ. ಒಂದಷ್ಟನ್ನು ಗಾಳಿ, ಟೈರು ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ ಹಿಡಿಯಬೇಕು, ಇಲ್ಲವೇ ಬ್ರೇಕ್ ಹಿಡಿಯಬೇಕು. ಚಿಕ್ಕ ಗೇರಿನಲ್ಲಿದ್ದರೆ ಎಂಜಿನ್ ಹಿಡಿಯುತ್ತದೆ. ದೊಡ್ಡ ಗೇರಿನಲ್ಲಿದ್ದರೆ ಎಲ್ಲ ಬಿಸಿಯೂ ಬ್ರೇಕಿಗೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿ ತನಕ ಕುದಿಯಬಾರದು. ತೇವ ಸೇರಿದ ಮೇಲೆ 140ಕ್ಕೇ ಕುದಿಯಬಹುದು. ಕುದಿದರೆ ಆವಿ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಬ್ರೇಕಿಗೆ ಬಲ ಹೋಗುವುದಿಲ್ಲ. ಪೆಡಲ್ ನೆಲಕ್ಕೆ ಇಳಿದದ್ದು ಅದಕ್ಕೇ. ಆರು ತಿಂಗಳು ಬಟ್ಟೆ ಒಣಗದ ನಮ್ಮ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಲೇಬೇಕು. ಬಿಸಿ ಚಕ್ರಕ್ಕೆ ನೀರು ಮಾತ್ರ ಎರಚಬೇಡಿ, ಡ್ರಮ್ ಬಿರುಕು ಬಿಡಬಹುದು. ಸುಮ್ಮನೆ ಆರಲು ಬಿಡಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದಾ?

ಉಳಿಯುವುದಿಲ್ಲ. ಈಗಿನ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಓಡುತ್ತಿರಲು ಪೆಟ್ರೋಲ್ ಬೇಕು. ಎಂಜಿನ್ ಆಫ್ ಮಾಡಿದರೆ ಬ್ರೇಕ್ ಗಟ್ಟಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ದಯವಿಟ್ಟು ಯಾರೂ ಮಾಡಬೇಡಿ.

ಗೇರ್ ಇಲ್ಲದ ಸ್ಕೂಟರಿನಲ್ಲಿ ಇಳಿಯುವುದು ಹೇಗೆ?

ವೇಗ ತೀರಾ ಕಡಿಮೆಯಾದಾಗ ಅದರ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಆಗ ಎಂಜಿನ್ ಹಿಡಿಯುವುದಿಲ್ಲ, ಎಲ್ಲ ಭಾರವೂ ಬ್ರೇಕಿಗೆ. ಎರಡೂ ಬ್ರೇಕನ್ನು ಒಟ್ಟಿಗೆ, ಬಿಟ್ಟು ಬಿಟ್ಟು ಹಿಡಿಯಿರಿ. ಉದ್ದ ಘಾಟಿಯಲ್ಲಿ ನಡುವೆ ನಿಂತು ಆರಿಸಿಕೊಳ್ಳಿ. ಎಳೆಯ ಹುಡುಗ ಹುಡುಗಿಯರು ಬಾಡಿಗೆ ಸ್ಕೂಟರಿನಲ್ಲಿ ಇಬ್ಬಿಬ್ಬರು ತಲಕಾವೇರಿಯಿಂದ ಇಳಿಯುವುದನ್ನು ನೋಡುವಾಗ ನನಗೆ ಹೊಟ್ಟೆ ಕಲಸುತ್ತದೆ.

ಕಿರಿದಾದ ಏರಿನಲ್ಲಿ ಎದುರೆದುರು ಬಂದರೆ ಯಾರು ದಾರಿ ಬಿಡಬೇಕು?

ಇಳಿಯುವವರು. 1989ರ ರಸ್ತೆ ನಿಯಮಗಳಲ್ಲೇ ಇದನ್ನು ಬರೆದಿದ್ದರು. ಹತ್ತುವ ಗಾಡಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಹಿಂದಕ್ಕೆ ಜಾರುವ ಭಯ ಬೇರೆ. ನಮ್ಮ ಕಡೆಯವರಿಗೆ ಇದು ರಕ್ತದಲ್ಲೇ ಇದೆ. ಇಳಿಯುವವರು ಮೇಲೆಯೇ ಅಗಲ ಜಾಗದಲ್ಲಿ ನಿಂತು ಲೈಟ್ ಹಾಕಿ ಕರೆಯುತ್ತಾರೆ. ದಾಟುವಾಗ ಕೈ ಎತ್ತಿ ಹೋಗುವುದು ರೂಢಿ. ರಜೆ ದಿನಗಳಲ್ಲಿ ಹೊರಗಿನಿಂದ ಬಂದವರು ಬಂಪರಿಗೆ ಬಂಪರ್ ತಂದು ನಿಲ್ಲಿಸಿದಾಗ ಮಾತ್ರ ರಗಳೆ. ಅವರಿಗೆ ಬೈಯಬೇಡಿ, ಇಳಿದು ಹೋಗಿ ಹೇಳಿ. ಹೇಳಿದರೆ ಕೇಳುತ್ತಾರೆ.

ಮಾಂದಲ್‌ಪಟ್ಟಿಗೆ ನಮ್ಮ ಕಾರು ತರಬಹುದಾ?

ಬೇಡ. ಜೀಪು ಮಾಡಿಕೊಳ್ಳಿ. ಕಾರಿನ ಹೊಟ್ಟೆ ಕಲ್ಲಿಗೆ ಬಡಿಯುವುದು ಒಂದು, ಆ ಕೆಸರಿನ ಏರಿನಲ್ಲಿ ನೀವು ಸಿಕ್ಕಿಕೊಂಡರೆ ಹಿಂದಿನವರೆಲ್ಲ ಸಿಕ್ಕಿಕೊಳ್ಳುವುದು ಇನ್ನೊಂದು.

ಏರು ಕಡಿಮೆ ಮಾಡಲು ಜೆಸಿಬಿ ತಂದು ಬರೆ ಕಡಿಸಬಹುದಾ?

ಈ ಪ್ರಶ್ನೆಗೆ ಉತ್ತರ ಕೊಡುವಾಗ 2018ರ ಆಗಸ್ಟ್ ನೆನಪಾಗುತ್ತದೆ. ಆ ಮಳೆಗೆ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಹರಿದು ಬಂದವು. ಮಡಿಕೇರಿ-ಸಂಪಾಜೆ ಹೆದ್ದಾರಿ ಮುಚ್ಚಿತು. ಅದಕ್ಕೆ ಕಾರಣ ಒಂದಲ್ಲ. ಸುರಿದ ಮಳೆ ಅಂಥದ್ದು. ಆದರೆ ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಧಾರ ಹೋಗುತ್ತದೆ ಎನ್ನುವುದರಲ್ಲಿ ಎರಡು ಮಾತಿಲ್ಲ.

ಏರು ಕಡಿಮೆಯಾಗಬೇಕಾದರೆ ದಾರಿ ಉದ್ದವಾಗಬೇಕು. ದಾರಿ ಉದ್ದವಾದಷ್ಟೂ ಬರೆ ಕಡಿಯುವ ಉದ್ದ ಜಾಸ್ತಿ. ಹಾಗಾಗಿ ನಾನು ಹೇಳುವುದು, ಇಡೀ ರಸ್ತೆಯನ್ನು ಬದಲಿಸಬೇಡಿ. ತೊಂದರೆ ಕೊಡುವುದು ಒಂದೋ ಎರಡೋ ತಿರುವಿನ ಒಳ ಅಂಚು. ಅಲ್ಲಿ ತಗ್ಗಿನ ಬದಿಗೆ ಕಲ್ಲು ಕಟ್ಟಿ ಎರಡು ಅಡಿ ಅಗಲ ಮಾಡಿದರೆ ಗಾಡಿ ಹೊರಗಿನಿಂದ ಸುತ್ತಿ ಬರಬಹುದು. ನಮ್ಮಲ್ಲಿ ಮಾಡಿದ್ದು ಅಷ್ಟೇ. ಶೇ. 27 ಇದ್ದ ಒಳ ಅಂಚಿಗೆ ಈಗ ಚಕ್ರವೇ ಇಳಿಸಬೇಕಾಗಿಲ್ಲ.

ಮೇಲಿನಿಂದ ಬರುವ ನೀರನ್ನು ಅಡ್ಡ ಮೋರಿಯಲ್ಲಿ ದಾಟಿಸಿ. ಏರಿನ ಉದ್ದಕ್ಕೂ ನೀರು ಓಡಿದರೆ ಕಾಂಕ್ರೀಟಿನ ಅಡಿಯ ಮಣ್ಣು ಹೋಗಿ ಒಂದು ದಿನ ಚಪ್ಪಡಿ ಕೂರುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಮೋರಿಯ ತರಗೆಲೆ ತೆಗೆಸಿ.

ಏರಿನಲ್ಲಿ ಕಾರು ನಿಲ್ಲಿಸಬೇಕಾದರೆ?

ಹ್ಯಾಂಡ್‌ಬ್ರೇಕ್ ಜೊತೆಗೆ ಗೇರ್. ಹತ್ತುವ ಮುಖವಾಗಿದ್ದರೆ ಮೊದಲನೇ ಗೇರ್, ಇಳಿಯುವ ಮುಖವಾಗಿದ್ದರೆ ರಿವರ್ಸ್. ಗಾಡಿ ಜಾರಿದರೂ ರಸ್ತೆಗೆ ಬರದೆ ಬರೆಗೆ ತಾಗಿ ನಿಲ್ಲುವ ಹಾಗೆ ಮುಂದಿನ ಚಕ್ರ ತಿರುಗಿಸಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶೇ. 3 ದಾಟಿದ ಏರಿನಲ್ಲಿ ಹೀಗೆ ಚಕ್ರ ತಿರುಗಿಸದೆ ನಿಲ್ಲಿಸಿದರೆ ದಂಡ ಹಾಕುತ್ತಾರೆ.

ಆಮೇಲೆ ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ಎತ್ತಿ ಬದಿಗೆ ಹಾಕಿ. ರಾತ್ರಿ ಮಂಜಿನಲ್ಲಿ ಬೈಕಿನಲ್ಲಿ ಇಳಿಯುವವರಿಗೆ ರಸ್ತೆ ನಡುವಿನ ಕಲ್ಲು ಕಾಣುವುದಿಲ್ಲ.